ಪನಾಮಾ ಕಾಲುವೆಯ ಪೂರ್ಣ ಯಾನ: ಅಟ್ಲಾಂಟಿಕ್ ಕಡೆಯಿಂದ ಹೊರಡುವುದೋ, ಪೆಸಿಫಿಕ್ ಕಡೆಯಿಂದಲೋ?

ಶರಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯ ಸಾಗರದ ಕಡೆ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೂಗೋಳದ ಪಾಠ ಮಾಡಿ ನಿವೃತ್ತರಾದವರು. ಪ್ರತಿ ವರ್ಷವೂ ಗೋಡೆ ನಕ್ಷೆಯ ಮೇಲೆ ಕೋಲಿಟ್ಟು ಪನಾಮಾ ಕಾಲುವೆಯನ್ನು ತೋರಿಸಿದ ಅವರು ಅದನ್ನು ಕಣ್ಣಾರೆ ಕಂಡಿಲ್ಲ. ಬರುವ ವರ್ಷ ಅಪ್ಪಯ್ಯ, ಅಮ್ಮ ಇಬ್ಬರೂ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬರುತ್ತಿದ್ದು, ಅವರನ್ನು ಕಾಲುವೆಯ ಪೂರ್ಣ ಯಾನಕ್ಕೆ ಕರೆದೊಯ್ಯಬೇಕೆಂದು ನಾನೂ ತಂಗಿಯೂ ನಿಶ್ಚಯಿಸಿದ್ದೇವೆ. ತಂಗಿ ಫ್ಲಾರಿಡಾದಲ್ಲಿದ್ದಾಳೆ, ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ.

ನಮ್ಮ ಮುಂದೆ ಎರಡು ದಾರಿಗಳಿವೆ. ಏಪ್ರಿಲ್ ಆರಂಭದಲ್ಲಿ ಅವರು ಮೊದಲು ತಂಗಿಯ ಮನೆಗೆ ಬಂದು, ಫೋರ್ಟ್ ಲಾಡರ್‌ಡೇಲ್‌ನಲ್ಲಿ ಹಡಗು ಹತ್ತಿ, ಕಾಲುವೆ ದಾಟಿ ಲಾಸ್ ಏಂಜಲೀಸ್‌ನಲ್ಲಿ ಇಳಿದು ನನ್ನ ಮನೆಗೆ ಬರುವುದು ಒಂದು. ಇಲ್ಲವಾದರೆ ಮೊದಲು ನನ್ನಲ್ಲಿಗೆ ಬಂದು, ಸೆಪ್ಟೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನಿಂದ ಫ್ಲಾರಿಡಾಕ್ಕೆ ಹಡಗಿನಲ್ಲಿ ಹೋಗಿ, ತಂಗಿಯ ಮನೆಯಿಂದ ಒಂದೆರಡು ದಿನದಲ್ಲಿಯೇ ಊರಿಗೆ ವಿಮಾನ ಹತ್ತುವುದು ಇನ್ನೊಂದು. ಎರಡೂ ಸುಮಾರು ಹದಿನೈದು ದಿನಗಳ ಯಾನ, ದರದಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಪ್ಪಯ್ಯನಿಗೆ 74, ಅಮ್ಮನಿಗೆ 69. ಅನುಭವವಿದ್ದವರು ಯಾವ ದಿಕ್ಕು ಉತ್ತಮವೆಂದು ಕಾರಣ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಅಟ್ಲಾಂಟಾದ ಅಕ್ಕ:

ನಾನು ಮತ್ತು ನನ್ನ ಯಜಮಾನರು ಲಾಸ್ ಏಂಜಲೀಸ್‌ನಿಂದ ಫ್ಲಾರಿಡಾಕ್ಕೆ ಬಂದವರು. ನೋಡಿದ್ದರ ಬಗ್ಗೆ ಯಾವ ಬೇಸರವೂ ಇಲ್ಲ, ಆದರೆ ಒಂದು ವಿಷಯವನ್ನು ಯಾರೂ ಮೊದಲೇ ಹೇಳಿರಲಿಲ್ಲ. ಪೂರ್ವಕ್ಕೆ ಬರುವಾಗ ದಾರಿಯುದ್ದಕ್ಕೂ ಗಡಿಯಾರವನ್ನು ಮೂರು ಸಲ ಒಂದೊಂದು ಗಂಟೆ ಮುಂದಕ್ಕೆ ತಿರುಗಿಸಬೇಕಾಗುತ್ತದೆ. ಒಂದು ಗಂಟೆ ಏನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ಮಲಗಿ, ಮರುದಿನ ಬೆಳಿಗ್ಗೆ ಆರಕ್ಕೆ ದಂಡೆಗೆ ಇಳಿಯಬೇಕಾದಾಗ ಅದು ನಿಜಕ್ಕೂ ಐದು ಗಂಟೆಯೆಂದು ಮೈ ಹೇಳುತ್ತಲೇ ಇರುತ್ತದೆ. ಫ್ಲಾರಿಡಾದಿಂದ ಪಶ್ಚಿಮಕ್ಕೆ ಹೋಗುವವರಿಗೆ ಅದೇ ಮೂರು ಗಂಟೆ ಉಡುಗೊರೆಯಾಗಿ ಸಿಗುತ್ತದೆ, ಅಂದರೆ ಮೂರು ದಿನಗಳು ಇಪ್ಪತ್ತೈದು ಗಂಟೆಯವಾಗುತ್ತವೆ. ಎಪ್ಪತ್ತು ದಾಟಿದವರಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಮಾತು. ಫ್ಲಾರಿಡಾ ಕಡೆಯಿಂದ ಹೊರಟರೆ ಸಾಮಾನ್ಯವಾಗಿ ಕೊಲಂಬಿಯಾದ ಬಂದರು ಕಾರ್ಟಾಹೇನಾ ಮುಗಿಸಿ ಐದನೆಯ ದಿನದ ಆಸುಪಾಸಿನಲ್ಲಿಯೇ ಕಾಲುವೆ ಬಂದುಬಿಡುತ್ತದೆ. ಆ ಮೇಲಿನ ಹತ್ತು ದಿನ ಕೋಸ್ಟರಿಕಾ, ಗ್ವಾಟೆಮಾಲಾ, ಮೆಕ್ಸಿಕೋ ಎಂದು ಸಾಗುತ್ತದೆ. ನಮಗಾದರೋ ಮೆಕ್ಸಿಕೋದ ಊರುಗಳನ್ನೆಲ್ಲ ಮುಗಿಸಿ, ಹಡಗಿನ ಉಪನ್ಯಾಸಗಳಲ್ಲಿ ಕಾಲುವೆಯ ಚರಿತ್ರೆಯನ್ನು ಕೇಳಿ, ಹನ್ನೊಂದನೆಯ ದಿನ ಅದು ಎದುರಾಯಿತು. ಊಟದಲ್ಲಿ ಹೋಳಿಗೆಯನ್ನು ಮೊದಲೇ ಬಡಿಸುವುದೋ ಕೊನೆಗೋ ಎಂಬಂಥ ಪ್ರಶ್ನೆ ಇದು. ನನಗೆ ಕೊನೆಗೆ ಬಡಿಸಿದ್ದೇ ಇಷ್ಟವಾಯಿತು.

ತೂಬಿನ ಲೆಕ್ಕ:

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಮೇಲೆ ಬಹುಕಾಲ ಕೆಲಸ ಮಾಡಿದ ಇಂಜಿನಿಯರ್ ನಾನು. ಮಗಳ ಜೊತೆ ಎರಡು ಸಲ, ಎರಡೂ ದಿಕ್ಕಿನಲ್ಲಿ ಈ ಕಾಲುವೆಯನ್ನು ದಾಟಿದ್ದೇನೆ. ದಿಕ್ಕಿನ ಪ್ರಶ್ನೆಗೆ ಬರುವ ಮೊದಲು ದಿಕ್ಕಿನ ಹೆಸರನ್ನೇ ಸರಿಪಡಿಸಿಕೊಳ್ಳಬೇಕು. ಹಡಗಿನ ಕಂಪನಿಗಳು ‘ಪೂರ್ವಕ್ಕೆ’, ‘ಪಶ್ಚಿಮಕ್ಕೆ’ ಎಂದು ಟಿಕೆಟ್ ಮಾರುತ್ತವೆ. ಕಾಲುವೆಯವರು ಹಾಗೆನ್ನುವುದಿಲ್ಲ, ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗನ್ನು ದಕ್ಷಿಣಾಭಿಮುಖವೆಂದೂ, ಎದುರಿನಿಂದ ಬರುವುದನ್ನು ಉತ್ತರಾಭಿಮುಖವೆಂದೂ ಕರೆಯುತ್ತಾರೆ. ಪನಾಮಾದ ನೆಲ ಅಲ್ಲಿ ಅಡ್ಡಡ್ಡಲಾಗಿ ತಿರುಚಿಕೊಂಡಿರುವುದರಿಂದ ಕಾಲುವೆಯು ವಾಯವ್ಯದಿಂದ ಆಗ್ನೇಯಕ್ಕೆ ಹರಿದಿದೆ. ಅದರ ಪೆಸಿಫಿಕ್ ಬಾಯಿ ಅಟ್ಲಾಂಟಿಕ್ ಬಾಯಿಗಿಂತ ಸುಮಾರು 40 ಕಿಲೋಮೀಟರ್ ಪೂರ್ವಕ್ಕಿದೆ. ಅಂದರೆ ‘ಪಶ್ಚಿಮಕ್ಕೆ’ ಹೋಗುವ ಟಿಕೆಟ್ ಕೊಂಡವನು ಆ ಒಂದು ದಿನ ಪೂರ್ವಕ್ಕೆ ಪಯಣಿಸುತ್ತಾನೆ! ಭೂಗೋಳದ ಮೇಷ್ಟರಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ.

ಈಗ ಏರಿಳಿತದ ವಿಚಾರ. ಕಾಲುವೆ ಸುಮಾರು 80 ಕಿಲೋಮೀಟರ್ ಉದ್ದವಿದ್ದು, ನಡುವಿನ ಗಾಟುನ್ ಸರೋವರವು ಸಮುದ್ರ ಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿದೆ. ಚಾಗ್ರೆಸ್ ನದಿಗೆ ಕಟ್ಟೆ ಹಾಕಿ ನಿಲ್ಲಿಸಿದ ನೀರು ಅದು. ಹಡಗನ್ನು ಒಂದು ಕಡೆಯಿಂದ ಆ ಎತ್ತರಕ್ಕೆ ಏರಿಸಿ, ಇನ್ನೊಂದು ಕಡೆ ಇಳಿಸಬೇಕು. ಅದಕ್ಕಾಗಿ ಇರುವುದೇ ಲಾಕ್‌ಗಳು, ಅಂದರೆ ನೀರು ತುಂಬಿಸಿ ಇಲ್ಲವೇ ಹೊರಬಿಟ್ಟು ಹಡಗನ್ನು ಒಂದೊಂದೇ ಮೆಟ್ಟಿಲು ಏರಿಸುವ, ಇಳಿಸುವ ಬಾಗಿಲುಳ್ಳ ಕೋಣೆಗಳು. 1914ರ ಆಗಸ್ಟ್ 15ರಂದು ತೆರೆದ ಹಳೆಯ ದಾರಿಯಲ್ಲಿ ಅಟ್ಲಾಂಟಿಕ್ ಕಡೆ ಗಾಟುನ್‌ನಲ್ಲಿ ಮೂರು ಮೆಟ್ಟಿಲುಗಳೂ ಒಂದರ ಬೆನ್ನಿಗೆ ಒಂದರಂತೆ ಒಂದೇ ಕಡೆ ಇವೆ. ಪೆಸಿಫಿಕ್ ಕಡೆ ಮಾತ್ರ ಅದೇ ಎತ್ತರವನ್ನು ಎರಡು ತುಂಡು ಮಾಡಿದ್ದಾರೆ: ಪೆಡ್ರೋ ಮಿಗೆಲ್‌ನಲ್ಲಿ ಒಂದು ಮೆಟ್ಟಿಲು, ನಡುವೆ ಒಂದು ಸಣ್ಣ ಕೆರೆ, ಆ ಮೇಲೆ ಮಿರಾಫ್ಲೋರೆಸ್‌ನಲ್ಲಿ ಎರಡು. ಮಿರಾಫ್ಲೋರೆಸ್‌ನ ಕೆಳಗಿನ ಬಾಗಿಲುಗಳು ಇಡೀ ಹಳೆಯ ಕಾಲುವೆಯಲ್ಲಿಯೇ ಎತ್ತರದವು, ಸುಮಾರು 25 ಮೀಟರ್. ಪೆಸಿಫಿಕ್‌ನ ಉಬ್ಬರವಿಳಿತಗಳ ನಡುವಿನ ಅಂತರ ಆರು ಮೀಟರ್‌ವರೆಗೂ ಹೋಗುವುದು ಇದಕ್ಕೆ ಕಾರಣ. ಅಟ್ಲಾಂಟಿಕ್ ಬದಿಯಲ್ಲಿ ಅದು ಒಂದು ಮೀಟರನ್ನೂ ಮುಟ್ಟುವುದಿಲ್ಲ.

ಇದೆಲ್ಲವೂ ಪಂಪಿಲ್ಲದೆ, ಬರೀ ತೂಬು ತೆರೆದು ಮುಚ್ಚುವುದರಿಂದ ನಡೆಯುತ್ತದೆ. ಮೇಲಿನ ನೀರು ಗೋಡೆಯೊಳಗಿನ ಸುರಂಗಗಳಲ್ಲಿ ಇಳಿದು, ಕೋಣೆಯ ತಳದ ಕಂಡಿಗಳಿಂದ ಉಕ್ಕುತ್ತದೆ. ನಾಲೆಯಲ್ಲಿ ನೀರು ಬಿಡುವಾಗ ನಾವು ಮಾಡುತ್ತಿದ್ದುದೂ ಇದನ್ನೇ. ಒಂದು ಹಡಗು ಹಳೆಯ ಲಾಕ್‌ಗಳಲ್ಲಿ ದಾಟಿ ಹೋಗಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲಾಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸರಿಸುಮಾರು 140 ಹಡಗುಗಳಿಗೆ ಒಂದು ಟಿಎಂಸಿ. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ 36ರ ಆಸುಪಾಸಿನಲ್ಲಿದ್ದ ಹಡಗುಗಳ ಸಂಖ್ಯೆಯನ್ನು 24ರ ಮಟ್ಟಕ್ಕೆ ಇಳಿಸಬೇಕಾಗಿ ಬಂದದ್ದು ಈ ಖರ್ಚಿನಿಂದಲೇ. ಆ ಸುದ್ದಿಯನ್ನು ಓದುವಾಗ ನನಗೆ ಕನ್ನಂಬಾಡಿಯ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡುತ್ತಿದ್ದ ಬೇಸಿಗೆಗಳು ನೆನಪಾದವು.

ದಿಕ್ಕಿಗೂ ಇದಕ್ಕೂ ಏನು ಸಂಬಂಧವೆಂದರೆ, ಏರುವುದು ಬೇರೆ, ಇಳಿಯುವುದು ಬೇರೆ. ಗಾಟುನ್‌ನಲ್ಲಿ ಏರುವಾಗ ಕೆಳಗಿನ ಡೆಕ್ಕಿನಲ್ಲಿ ನಿಂತವನಿಗೆ ಮೊದಲು ಕಾಣುವುದು ಬರೀ ಒದ್ದೆ ಕಾಂಕ್ರೀಟು, ಪಾಚಿ, ನೀರಿನ ಗೆರೆ. ಹತ್ತು ನಿಮಿಷದಲ್ಲಿ ಆ ಗೋಡೆ ಮುಳುಗುತ್ತಾ ಹೋಗಿ ಹುಲ್ಲುಹಾಸು, ರೈಲು ಹಳಿ, ಕೆಲಸಗಾರರ ಬೂಟು, ಆಮೇಲೆ ಅವರ ಮುಖ ಕಾಣುತ್ತವೆ. ಇಳಿಯುವಾಗ ಹಡಗಿನ ಮುಂಭಾಗದಲ್ಲಿ ನಿಂತರೆ ಮೂರೂ ಮೆಟ್ಟಿಲುಗಳು ಕಾಲಡಿಯಲ್ಲಿ ಸಾಲಾಗಿ, ಅದರಾಚೆ ಸಮುದ್ರ ಕಾಣುತ್ತದೆ. ಚಿತ್ರಕ್ಕೆ ಇಳಿಯುವುದೇ ಚೆಂದ. ಇಂಜಿನಿಯರಿಂಗ್ ಅರ್ಥವಾಗುವುದು ಏರುವಾಗ.

ಮಲ್ಲೇಶ್ವರ 18ನೇ ಅಡ್ಡರಸ್ತೆ:

ಇಷ್ಟೆಲ್ಲ ದಿನ ಹಡಗಿನಲ್ಲಿರುವ ಬದಲು, ಫ್ಲಾರಿಡಾದಿಂದ ಹೋಗಿ ಗಾಟುನ್ ಸರೋವರದಲ್ಲಿ ತಿರುಗಿ ಅದೇ ದಾರಿಯಲ್ಲಿ ಹಿಂದಿರುಗುವ ಅರ್ಧ ಯಾನಗಳೂ ಇವೆಯಲ್ಲವೇ? ದಿಕ್ಕಿನ ತಲೆನೋವೇ ಇರುವುದಿಲ್ಲ.

ಅಟ್ಲಾಂಟಾದ ಅಕ್ಕ:

ಇವೆ. ಆದರೆ ಅದರಲ್ಲಿ ಹಡಗಿನಲ್ಲಿಯೇ ಕುಳಿತವರಿಗೆ ಗುಡ್ಡ ಕಡಿದು ಮಾಡಿದ ಕುಲೆಬ್ರಾ ಕಣಿವೆಯೂ ಪೆಸಿಫಿಕ್ ಕಡೆಯ ಲಾಕ್‌ಗಳೂ ಸಿಗುವುದಿಲ್ಲ. ಎರಡು ಸಾಗರಗಳ ನಡುವಿನ ದಾರಿಯನ್ನು ಜೀವಮಾನವಿಡೀ ಪಾಠ ಮಾಡಿದ ಮೇಷ್ಟರನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆತರುವುದು ನ್ಯಾಯವಲ್ಲ.

ಕಾರವಾರದ ನಾವಿಕ:

ಸರಕು ಹಡಗುಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿದ ನಾನು ಈ ಕಾಲುವೆಯನ್ನು ಎಷ್ಟು ಸಲ ದಾಟಿದ್ದೇನೆಂದು ಎಣಿಸಿಲ್ಲ. ಇಲ್ಲಿಯವರೆಗೆ ಯಾರೂ ಎತ್ತದ ಗಾಳಿಯ ವಿಷಯವನ್ನು ಹೇಳುತ್ತೇನೆ, ಏಕೆಂದರೆ ಯಾನದ ಹದಿನೈದು ದಿನಗಳಲ್ಲಿ ಕಾಲುವೆಗೆ ಸಿಗುವುದು ಒಂದೇ ದಿನ, ಉಳಿದದ್ದೆಲ್ಲ ಸಮುದ್ರ.

ಕೆರಿಬಿಯನ್‌ನಲ್ಲಿ ವಾಣಿಜ್ಯ ಮಾರುತಗಳು ಈಶಾನ್ಯ ಮತ್ತು ಪೂರ್ವದಿಂದ ಬೀಸುತ್ತವೆ. ಕಾರ್ಟಾಹೇನಾದಿಂದ ಕಾಲುವೆಯ ಅಟ್ಲಾಂಟಿಕ್ ತುದಿಯ ಊರಾದ ಕೊಲೋನ್‌ಗೆ ಬರುವಾಗ ಅಲೆಗಳು ಹಿಂದಿನಿಂದ ತಳ್ಳುತ್ತವೆ. ಕೊಲೋನ್‌ನಿಂದ ಕಾರ್ಟಾಹೇನಾಕ್ಕೆ ಹೋಗುವಾಗ ಅವನ್ನೇ ಎದೆಗೆ ತೆಗೆದುಕೊಳ್ಳಬೇಕು. ಜನವರಿಯಿಂದ ಮಾರ್ಚಿಯವರೆಗೆ ಕೊಲಂಬಿಯಾ ತೀರದ ಆ ತುಂಡು ಒರಟಾಗಿರುತ್ತದೆ, ಏಪ್ರಿಲ್‌ನಲ್ಲಿ ಮೆಲ್ಲನೆ ತಣಿಯುತ್ತದೆ. ಪೆಸಿಫಿಕ್ ಕಡೆ ಇದು ತಿರುಗುಮುರುಗು. ಮೆಕ್ಸಿಕೋದ ಬಾಹಾ ತೀರದಲ್ಲಿ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬರುವುದರಿಂದ ಲಾಸ್ ಏಂಜಲೀಸ್‌ಗೆ ಏರಿ ಹೋಗುವ ಕೊನೆಯ ಎರಡು ದಿನ ಎದುರುಗಾಳಿ, ಜೊತೆಗೆ ಚಳಿ. ಹತ್ತು ದಿನ ಸೆಕೆಯಲ್ಲಿ ಬೆಂದವರು ಸ್ವೆಟರ್ ಹುಡುಕುವುದನ್ನು ಅಲ್ಲಿ ನೋಡಬಹುದು. ಹೀಗಾಗಿ ಯಾವ ದಿಕ್ಕಿನಲ್ಲಿ ಹೋದರೂ ಒಂದು ತುದಿಯಲ್ಲಿ ಸುಂಕ ಕಟ್ಟಲೇಬೇಕು. ಆದರೆ ಸೆಪ್ಟೆಂಬರ್ ಕೊನೆ ಎಂದರೆ ಎರಡೂ ಸಾಗರಗಳಲ್ಲಿ ಚಂಡಮಾರುತದ ಕಾಲ. ಹಡಗಿಗೆ ಅಪಾಯವೆಂದು ಹೆದರಬೇಕಾಗಿಲ್ಲ, ಕ್ಯಾಪ್ಟನ್ ಸುತ್ತು ಬಳಸಿಯೇ ಹೋಗುತ್ತಾನೆ. ಹಾಗೆ ಸುತ್ತು ಬಳಸಿದಾಗ ಒಂದೆರಡು ಬಂದರುಗಳು ಕೈಬಿಟ್ಟುಹೋಗುತ್ತವೆ ಅಷ್ಟೆ.

ಮಳೆಯನ್ನೂ ನೋಡಿಕೊಳ್ಳಿ. ಪನಾಮಾದಲ್ಲಿ ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಒಣ ಕಾಲ. ಆ ಮೇಲೆ ಮಳೆಗಾಲ, ಅದರಲ್ಲಿಯೂ ಅಕ್ಟೋಬರ್, ನವೆಂಬರ್‌ಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮಳೆ ಕವಿಯುವುದೇ ಹೆಚ್ಚು. ಅಲಾಸ್ಕಾದಲ್ಲಿ ಬೇಸಿಗೆ ಕಳೆಯುವ ಹಡಗುಗಳು ವಸಂತದಲ್ಲಿ ಫ್ಲಾರಿಡಾದಿಂದ ಪೆಸಿಫಿಕ್‌ಗೂ ಶರತ್ಕಾಲದಲ್ಲಿ ಹಿಂದಕ್ಕೂ ದಾಟುವುದರಿಂದ, ಹಲವು ಕಂಪನಿಗಳಲ್ಲಿ ದಿಕ್ಕನ್ನು ಆರಿಸಿದರೆ ಋತುವನ್ನೂ ಆರಿಸಿದಂತೆಯೇ.

ಲಾಕ್ ಹತ್ತಿರವಾದಾಗ ನೋಡಬೇಕಾದ ಒಂದು ದೃಶ್ಯವಿದೆ. ನಡುಗೋಡೆಯ ತುದಿಯಲ್ಲಿ ಒಂದು ದೊಡ್ಡ ಬಾಣ ಇರುತ್ತದೆ. ಅದು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಯ ಕೋಣೆ ನಿಮ್ಮದು. ಆ ಹೊತ್ತಿಗೆ ಗೋಡೆಯ ಬುಡದಿಂದ ಇಬ್ಬರು ಕುಳಿತ ಪುಟ್ಟ ಹುಟ್ಟಿನ ದೋಣಿಯೊಂದು ಹೊರಟು ಬರುತ್ತದೆ. ಹತ್ತಾರು ಸಾವಿರ ಟನ್ನಿನ ಹಡಗಿನ ಮೂತಿಯ ಕೆಳಗೆ ಒಬ್ಬ ಹುಟ್ಟು ಹಾಕುತ್ತಿದ್ದರೆ, ಇನ್ನೊಬ್ಬ ಮೇಲಿನಿಂದ ಎಸೆದ ತೆಳುಹಗ್ಗವನ್ನು ಹಿಡಿದು ದಡದ ಹಗ್ಗಕ್ಕೆ ಗಂಟು ಹಾಕುತ್ತಾನೆ. ನಮ್ಮ ಬೈತಖೋಲದಲ್ಲಿ ಮೀನು ದೋಣಿಯಿಂದ ಹಗ್ಗ ಎಸೆಯುವ ಹುಡುಗರ ಕೈಚಳಕವೇ ಅಲ್ಲಿಯೂ ಕಾಣುತ್ತದೆ. ಆ ಹಗ್ಗದ ತುದಿಗೆ ಉಕ್ಕಿನ ಕೇಬಲ್, ಕೇಬಲ್‌ನ ತುದಿಗೆ ಹಳಿಯ ಮೇಲೆ ಓಡುವ ವಿದ್ಯುತ್ ಎಂಜಿನ್. ಅದನ್ನು ಅಲ್ಲಿ ಮ್ಯೂಲ್, ಅಂದರೆ ಹೇಸರಗತ್ತೆ ಎನ್ನುತ್ತಾರೆ. ಅದು ಹಡಗನ್ನು ಎಳೆಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಡಗು ತನ್ನ ಬಲದಿಂದಲೇ ಸಾಗುತ್ತದೆ, ಮ್ಯೂಲ್‌ಗಳು ಅದನ್ನು ಎರಡೂ ಕಡೆಯಿಂದ ಬಿಗಿಹಿಡಿದು ನಡುವಿನಲ್ಲಿ ನಿಲ್ಲಿಸುತ್ತವೆ. ಕೋಣೆಯ ಅಗಲ 33.5 ಮೀಟರ್, ಅದಕ್ಕೆಂದೇ ಕಟ್ಟಿದ ಹಡಗಿನ ಅಗಲ 32 ಮೀಟರ್‌ಗಿಂತ ತುಸು ಹೆಚ್ಚು. ಒಂದೊಂದು ಬದಿಗೆ ಉಳಿಯುವುದು ಎರಡು ಅಡಿ.

ಆದ್ದರಿಂದ ದಿಕ್ಕಿಗಿಂತ ಮೊದಲು ನಿಮ್ಮ ಹಡಗು ಯಾವ ದಾರಿಯಲ್ಲಿ ಹೋಗುತ್ತದೆಂದು ಕೇಳಿ. 2016ರ ಜೂನ್ 26ರಂದು ತೆರೆದ ಹೊಸ ಲಾಕ್‌ಗಳು 55 ಮೀಟರ್ ಅಗಲವಿದ್ದು, ದೊಡ್ಡ ಪ್ರವಾಸಿ ಹಡಗುಗಳು ಅದರಲ್ಲಿ ಹೋಗುತ್ತವೆ. ಅಲ್ಲಿ ಮ್ಯೂಲ್ ಇಲ್ಲ, ಮುಂದೊಂದು ಹಿಂದೊಂದು ಟಗ್ ದೋಣಿ. ಎರಡೂ ತುದಿಯಲ್ಲಿ ಮೂರು ಮೂರು ಮೆಟ್ಟಿಲು ಒಟ್ಟಿಗೇ ಇರುವುದರಿಂದ, ತೂಬಿನ ಲೆಕ್ಕದವರು ಹೇಳಿದ ಗಾಟುನ್–ಮಿರಾಫ್ಲೋರೆಸ್ ವ್ಯತ್ಯಾಸ ಅಲ್ಲಿ ಅನ್ವಯಿಸುವುದಿಲ್ಲ. ಮೇಷ್ಟರಿಗೆ ಹಳೆಯ ದಾರಿಯ ಹಡಗನ್ನೇ ಹುಡುಕಿ.

ಶರಾವತಿ ದಂಡೆ:

ಕೇಳಿ ನೋಡಿದೆ. ಎರಡೂ ಯಾನಗಳ ಹಡಗುಗಳು ಹಳೆಯ ಲಾಕ್‌ಗಳ ಅಳತೆಯವೇ ಅಂತೆ. ಎಲ್ಲರಿಗೂ ಧನ್ಯವಾದಗಳು. ಸೆಪ್ಟೆಂಬರ್ ಕೊನೆಯ ಯಾನದ ಕಡೆಗೇ ಮನಸ್ಸು ವಾಲುತ್ತಿದೆ, ಏಕೆಂದರೆ ಬಂದ ಕೂಡಲೇ ಪ್ರಯಾಣದ ದಣಿವಿನಲ್ಲಿ ಅವರನ್ನು ಹಡಗು ಹತ್ತಿಸುವುದು ಸರಿಯೇ ಎಂಬ ಅಳುಕಿದೆ.

ಹುಬ್ಬಳ್ಳಿಯ ವೈದ್ಯೆ:

ಹಾಗಿದ್ದರೆ ಈ ಮಾತನ್ನು ಗಮನವಿಟ್ಟು ಓದಿ. ಭಾರತ ಸರ್ಕಾರವು ಹಳದಿ ಜ್ವರದ ಸೋಂಕಿರುವ ದೇಶಗಳ ಪಟ್ಟಿಯನ್ನಿಟ್ಟುಕೊಂಡಿದ್ದು, ಪನಾಮಾ ಮತ್ತು ಕೊಲಂಬಿಯಾ ಎರಡೂ ಅದರಲ್ಲಿವೆ. ಅಂಥ ದೇಶವನ್ನು ಬಿಟ್ಟ ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕು, ಇಲ್ಲವಾದರೆ ಪ್ರತ್ಯೇಕವಾಸದಲ್ಲಿ ಇಡುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ನಿಮ್ಮ ಎರಡನೆಯ ಯೋಜನೆಯಲ್ಲಿ ಕಾಲುವೆಯ ಮರುದಿನ ಕಾರ್ಟಾಹೇನಾ, ಅಲ್ಲಿಂದ ಎರಡು ಮೂರು ದಿನಕ್ಕೆ ಫ್ಲಾರಿಡಾ, ಒಂದೆರಡು ದಿನಕ್ಕೆ ವಿಮಾನ. ಬೆರಳು ಮಡಚಿ ಎಣಿಸಿ, ಆರು ದಿನ ತುಂಬುವುದೇ ಇಲ್ಲ. ಮೊದಲನೆಯ ಯೋಜನೆಯಲ್ಲಿ ಕಾಲುವೆ ದಾಟಿ ಹತ್ತು ದಿನಕ್ಕೆ ಲಾಸ್ ಏಂಜಲೀಸ್, ಆ ಮೇಲೆ ತಿಂಗಳುಗಟ್ಟಲೆ ನಿಮ್ಮ ಮನೆ. ಆಗ ಈ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಲಸಿಕೆ ಹಾಕಿಸಿಬಿಡೋಣ ಎಂದು ಸುಲಭವಾಗಿ ಹೇಳುವಂತಿಲ್ಲ. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆಯಾದ್ದರಿಂದ ಅರವತ್ತು ದಾಟಿದವರಲ್ಲಿ ತೀವ್ರ ಅಡ್ಡಪರಿಣಾಮದ ಸಂಭವ, ಅಪರೂಪವೇ ಆದರೂ, ಕಿರಿಯರಿಗಿಂತ ಹೆಚ್ಚು. 74ರ ಹಿರಿಯರಿಗೆ ಹಾಕಿಸುವ ಮುನ್ನ ಅವರನ್ನು ಬಲ್ಲ ವೈದ್ಯರು ಕುಳಿತು ತೂಗಿ ನೋಡಲೇಬೇಕು. ಹಾಕಿಸಿದರೂ ಪ್ರಮಾಣಪತ್ರವು ಹತ್ತು ದಿನಗಳ ನಂತರವಷ್ಟೇ ಸಿಂಧುವಾಗುತ್ತದೆ, ಅದೂ ಅಧಿಕೃತ ಕೇಂದ್ರದಲ್ಲಿ ಹಾಕಿಸಿದ್ದರೆ ಮಾತ್ರ. ಬಂದರುಗಳಲ್ಲಿ ಇಳಿಯಲು ಏನು ಬೇಕೆಂಬುದನ್ನೂ, ಭಾರತೀಯ ಪಾಸ್‌ಪೋರ್ಟಿಗೆ ಯಾವ ದೇಶದ ವೀಸಾ ಬೇಕೆಂಬುದನ್ನೂ ಕಂಪನಿಯಿಂದ ಬರಹದಲ್ಲಿಯೇ ಪಡೆಯಿರಿ. ಅಮೆರಿಕದಿಂದ ಹೊರಟು ಮತ್ತೆ ಅಮೆರಿಕಕ್ಕೇ ಬರುವುದರಿಂದ ಅವರ ವೀಸಾ ಬಹುಪ್ರವೇಶದ್ದಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದಣಿವಿಗೆ ಪರಿಹಾರ ಸುಲಭ. ತಂಗಿಯ ಮನೆಯಲ್ಲಿ ಹತ್ತು ದಿನ ಇರಲಿ, ಆಮೇಲೆ ಹಡಗು ಹತ್ತಲಿ.

ದೂರದ ದಡ:

ಎಲ್ಲರೂ ಏಪ್ರಿಲ್ ಕಡೆಗೆ ತಳ್ಳುತ್ತಿರುವಾಗ ನಾನು ನನ್ನ ಪೆಟ್ಟನ್ನು ಹೇಳಿಕೊಳ್ಳುತ್ತೇನೆ, ಅದರಿಂದ ದಿಕ್ಕಿನ ವಿಚಾರದಲ್ಲಿ ಒಂದು ಸೂತ್ರ ಸಿಗಬಹುದು. ನಾವು ಒಂದು ಜನವರಿಯಲ್ಲಿ ಪೆಸಿಫಿಕ್ ಕಡೆಯಿಂದ ಹೋದೆವು. ನನಗೆ ಬೇಕಿದ್ದುದು ಗಾಟುನ್‌ನ ಇಳಿಜಾರು, ಇಲ್ಲಿ ವರ್ಣಿಸಿದಂತೆ ಮೂರೂ ಮೆಟ್ಟಿಲು ಕಾಲಡಿಯಲ್ಲಿ ಕಾಣುವ ಆ ನೋಟ. ಬೆಳಿಗ್ಗೆ ಐದಕ್ಕೆ ಎದ್ದು ಮುಂದಿನ ಡೆಕ್ಕಿನಲ್ಲಿ ಜಾಗ ಹಿಡಿದು ಕುಳಿತೆವು. ಹಡಗು ಮಾತ್ರ ಲಂಗರು ಹಾಕಿ ಹತ್ತು ಗಂಟೆಯವರೆಗೂ ಅಲ್ಲಾಡಲಿಲ್ಲ. ನಮಗಿಂತ ಮುಂದೆ ಯಾವುದೋ ಹಡಗಿಗೆ ಅವಕಾಶ ಕೊಟ್ಟರು ಎಂದಷ್ಟೇ ಧ್ವನಿವರ್ಧಕದಲ್ಲಿ ಹೇಳಿದರು. ದಾಟುವುದಕ್ಕೆ ಎಂಟರಿಂದ ಹತ್ತು ಗಂಟೆ ಬೇಕು, ಪನಾಮಾದಲ್ಲಿ ವರ್ಷವಿಡೀ ಸಂಜೆ ಆರು, ಆರೂವರೆಯ ಹೊತ್ತಿಗೆ ಕತ್ತಲೆ. ಗಾಟುನ್ ತಲುಪುವಾಗ ದೀಪಗಳ ಸಾಲು ಬಿಟ್ಟರೆ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಮುದುಕರೊಬ್ಬರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಒಂದೂ ಮಾತಾಡದೆ ಒಳಗೆ ಹೋದದ್ದು ಇಂದಿಗೂ ಕಣ್ಣ ಮುಂದಿದೆ.

ಆದ್ದರಿಂದ ನಿಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಲಾಕ್ ಬೆಳಗಿನ ಪಾಲಿಗೆ ಬೀಳುವಂತೆ ದಿಕ್ಕನ್ನು ಆರಿಸಿಕೊಳ್ಳಿ. ತಡವಾದರೆ ಕತ್ತಲಿಗೆ ಸಿಕ್ಕುವುದು ಯಾವಾಗಲೂ ಕೊನೆಯ ಲಾಕ್.

ತೂಬಿನ ಲೆಕ್ಕ:

ಇದು ಒಪ್ಪತಕ್ಕ ಮಾತು. ಇದಕ್ಕೆ ಬೆಳಕಿನ ವಿಚಾರವನ್ನೂ ಸೇರಿಸುತ್ತೇನೆ. ಅಟ್ಲಾಂಟಿಕ್ ಕಡೆಯಿಂದ ಹೊರಟರೆ ಬೆಳಗಿನ ಬಿಸಿಲು ಎಡ ಮಗ್ಗುಲಿನಿಂದ ತುಸು ಮುಂದಕ್ಕೆ ಬೀಳುವುದರಿಂದ ಗಾಟುನ್‌ನಲ್ಲಿ ಎಡಗಡೆ ನಿಂತವರ ಕಣ್ಣು ಕುಕ್ಕುತ್ತದೆ. ಆದರೆ ಸಂಜೆಗೆ ಅದೇ ಸೂರ್ಯ ಬೆನ್ನ ಹಿಂದೆ ಬರುತ್ತಾನೆ. ಮಿರಾಫ್ಲೋರೆಸ್ ಇಳಿದು, 1962ರ ಅಮೆರಿಕಗಳ ಸೇತುವೆಯ ಕೆಳಗೆ ನುಸುಳಿ ಹೊರಬಂದಾಗ ಎಡಕ್ಕೆ ಪನಾಮಾ ನಗರದ ಗೋಪುರಗಳೆಲ್ಲ ಇಳಿಬಿಸಿಲಿನಲ್ಲಿ ನಿಂತಿರುತ್ತವೆ. ಎದುರಿನಿಂದ ಬಂದಾಗ ಆ ನಗರ ನಮಗೆ ಮುಂಜಾವದ ಮಸುಕಿನಲ್ಲಿ, ಸೂರ್ಯನಿಗೆ ಅಡ್ಡವಾಗಿ, ಬರೀ ಕಪ್ಪು ಗೆರೆಗಳಾಗಿ ಕಂಡಿತ್ತು.

ಕುಲೆಬ್ರಾ ಕಣಿವೆ ಎರಡೂ ದಿಕ್ಕಿನಲ್ಲಿ ಹಗಲ ನಡುವಿಗೇ ಬರುತ್ತದೆ, ಅದರ ಚಿಂತೆ ಬೇಡ. ಸುಮಾರು 13.7 ಕಿಲೋಮೀಟರ್ ಉದ್ದಕ್ಕೆ ಖಂಡದ ಬೆನ್ನೆಲುಬನ್ನೇ ಕಡಿದ ಜಾಗ ಅದು. ಕಡಿದಷ್ಟೂ ಗುಡ್ಡ ಜಾರಿ ಬೀಳುತ್ತಿತ್ತು. 1881ರಲ್ಲಿ ಫ್ರೆಂಚರು ಸಮುದ್ರ ಮಟ್ಟದ ಕಾಲುವೆಯನ್ನೇ ಅಗೆಯಲು ಹೊರಟು ಸೋತು ಕೈಚೆಲ್ಲಿದ್ದಕ್ಕೆ ಆ ಕುಸಿತವೂ ಕಾರಣ, ವೈದ್ಯೆಯವರು ಹೇಳಿದ ಹಳದಿ ಜ್ವರವೂ ಕಾರಣ. ಪೆಸಿಫಿಕ್ ಕಡೆಗೆ ಹೋಗುವಾಗ ಎಡಕ್ಕೆ ಗೋಲ್ಡ್ ಹಿಲ್, ಬಲಕ್ಕೆ ಕಾಂಟ್ರಾಕ್ಟರ್ಸ್ ಹಿಲ್.

ಮಲ್ಲೇಶ್ವರ 18ನೇ ಅಡ್ಡರಸ್ತೆ:

ಕಾಲುವೆಯ ಆಡಳಿತದವರು ಮಿರಾಫ್ಲೋರೆಸ್‌ನಲ್ಲಿ ನೇರಪ್ರಸಾರದ ಕ್ಯಾಮೆರಾ ಇಟ್ಟಿದ್ದಾರೆ. ಊರಿನವರಿಗೆ ಹಡಗು ಕಾಣಬೇಕೆಂದಿದ್ದರೆ ಪೆಸಿಫಿಕ್ ಕಡೆಯಿಂದಲೇ ಹೋಗಬೇಕು. ಅಲ್ಲಿ ಬೆಳಿಗ್ಗೆ ಎಂಟಾದಾಗ ನಮಗೆ ಸಂಜೆ ಆರೂವರೆ. ಅಟ್ಲಾಂಟಿಕ್ ಕಡೆಯಿಂದ ಹೋದರೆ ಮಿರಾಫ್ಲೋರೆಸ್ ತಲುಪುವುದು ಮಧ್ಯಾಹ್ನ ಮೂರಕ್ಕೆ, ಅಂದರೆ ಇಲ್ಲಿ ನಡುರಾತ್ರಿ ಒಂದೂವರೆ.

ಕಾರವಾರದ ನಾವಿಕ:

ಲೆಕ್ಕ ಸರಿ, ತೀರ್ಮಾನ ತಪ್ಪು. ಗಾಟುನ್‌ನಲ್ಲಿಯೂ ಕ್ಯಾಮೆರಾ ಇದೆ. ಅಟ್ಲಾಂಟಿಕ್ ಕಡೆಯಿಂದ ಹೋದರೆ ಬೆಳಿಗ್ಗೆ ಏಳಕ್ಕೆ ಗಾಟುನ್, ಊರಿನಲ್ಲಿ ಸಂಜೆ ಐದೂವರೆ. ಕಾಫಿ ಕುಡಿಯುತ್ತಾ ನೋಡಬಹುದು.

ಶರಾವತಿ ದಂಡೆ:

ಇಲ್ಲಿಯ ಬರಹಗಳನ್ನೆಲ್ಲ ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಕಾಲುವೆಯ ಪೆಸಿಫಿಕ್ ಬಾಯಿ ಪೂರ್ವಕ್ಕಿದೆ ಎಂದಾಗ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ, ‘ತಡಿ, ಅಟ್ಲಾಸ್ ತರ್ತೆ’ ಎಂದು ಎದ್ದು ಹೋದವರು ಹತ್ತು ನಿಮಿಷದ ಮೇಲೆ ಬಂದು, ಮೂವತ್ತು ವರ್ಷ ಕೋಲನ್ನು ಎಡದಿಂದ ಬಲಕ್ಕೆ ಎಳೆದು ತೋರಿಸಿದೆನಲ್ಲ, ಒಬ್ಬ ಹುಡುಗನೂ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ ಎಂದರು. ಯಾವ ಲಾಕ್ ಮುಖ್ಯವೆಂದು ಕೇಳಿದ್ದಕ್ಕೆ, ನೀರು ಏರುವುದನ್ನು ಬೆಳಕಿನಲ್ಲಿ ನೋಡಬೇಕು, ಮೂರು ಮೆಟ್ಟಿಲನ್ನೂ ಒಂದೇ ಉಸಿರಿನಲ್ಲಿ ನೋಡಬೇಕು, ಇಳಿಯುವುದು ಕತ್ತಲಾದರೂ ಅಡ್ಡಿಯಿಲ್ಲ ಎಂದು ಖಚಿತವಾಗಿ ಹೇಳಿದರು. ಅಮ್ಮನಿಗೆ ಇಪ್ಪತ್ತೈದು ಗಂಟೆಯ ದಿನ ಎಂಬ ಮಾತೊಂದೇ ಹಿಡಿಸಿತು. ಲಸಿಕೆಯ ವಿಷಯ ತಿಳಿದ ಮೇಲೆ ತಂಗಿಯೂ ಸೆಪ್ಟೆಂಬರ್ ಮಾತನ್ನು ಬಿಟ್ಟಳು. ಆದ್ದರಿಂದ ಏಪ್ರಿಲ್ ಮಧ್ಯದಲ್ಲಿ ಫ್ಲಾರಿಡಾದಿಂದಲೇ ಹೊರಡುವುದೆಂದು ತೀರ್ಮಾನಿಸಿದ್ದೇವೆ.

ಉಳಿದಿರುವುದು ಒಂದೇ ಪ್ರಶ್ನೆ. ಬಾಲ್ಕನಿ ಕ್ಯಾಬಿನ್ ಎಡಕ್ಕೋ ಬಲಕ್ಕೋ? ಇಂಜಿನಿಯರ್ ಸಾಹೇಬರ ಮಾತಿನ ಪ್ರಕಾರ ನಗರವೂ ಗೋಲ್ಡ್ ಹಿಲ್ಲೂ ಎಡಕ್ಕಿವೆ.

ಕಾರವಾರದ ನಾವಿಕ:

ಬಲಕ್ಕೆ ತೆಗೆದುಕೊಳ್ಳಿ. ಕಾಲುವೆಯ ದಿನ ಯಾರೂ ಕ್ಯಾಬಿನ್ನಿನಲ್ಲಿ ಕೂರುವುದಿಲ್ಲ, ಡೆಕ್ಕಿನ ಮೇಲೆ ಎಡಬಲ ಎರಡೂ ನಿಮ್ಮದೇ. ಆ ಮೇಲಿನ ಹತ್ತು ದಿನ ವಾಯವ್ಯಕ್ಕೆ ಸಾಗುವಾಗ ಕೋಸ್ಟರಿಕಾದಿಂದ ಮೆಕ್ಸಿಕೋದವರೆಗೆ ನೆಲವೆಲ್ಲ ಬಲಗಡೆ. ಬೆಳಗಿನ ಎಳೆಬಿಸಿಲು ಆ ಬದಿಗೆ ಬರುತ್ತದೆ, ಮಧ್ಯಾಹ್ನದ ಉರಿ ಎಡದವರ ಪಾಲು. ಸೂರ್ಯಾಸ್ತ ಬೇಕೆನಿಸಿದ ಸಂಜೆ ಎರಡು ಕಪ್ ಚಹಾ ಹಿಡಿದು ಅಮ್ಮನವರನ್ನು ಎಡಗಡೆಯ ಡೆಕ್ಕಿಗೆ ಕರೆದುಕೊಂಡು ಬರಲಿ.

ಗಾಟುನ್‌ನಲ್ಲಿ ಮಾತ್ರ ಮೇಷ್ಟರು ಮೇಲಿನ ಡೆಕ್ಕಿಗೆ ಓಡದೆ, ಎಷ್ಟು ಕೆಳಗೆ ನಿಲ್ಲಲು ಸಾಧ್ಯವೋ ಅಷ್ಟು ಕೆಳಗಿನ ತೆರೆದ ಡೆಕ್ಕಿನಲ್ಲಿ ನಿಲ್ಲಲಿ. ಬಾಣ ಯಾವ ಕಡೆ ವಾಲಿದೆಯೆಂದು ನೋಡಿಕೊಂಡು, ನಡುಗೋಡೆ ಬರುವ ಬದಿಗೆ ಹೋಗಬೇಕು. ಆ ಗೋಡೆಯ ಆಚೆಯೂ ಒಂದು ಕೋಣೆಯಿದ್ದು, ಅದರಲ್ಲಿ ಹಡಗೊಂದು ಇದ್ದರೆ ಅದು ಎಷ್ಟು ಎತ್ತರದಲ್ಲಿದೆ, ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದು ಅಳೆದು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಶರಾವತಿ ದಂಡೆ:

ಬಲಗಡೆಯ ಕ್ಯಾಬಿನ್ ಕಾದಿರಿಸಿದೆ. ಅಪ್ಪಯ್ಯ ಹಳೆಯ ಗೋಡೆ ನಕ್ಷೆ ಶಾಲೆಯಲ್ಲಿ ಇನ್ನೂ ಇದೆಯೇ ಎಂದು ವಿಚಾರಿಸಲು ನಾಳೆ ಹೋಗುತ್ತಾರಂತೆ.